ಗುಳುಗುಳು ಸದ್ದು ಸಾಕಾ?

ಕೇಳುಗರಿಗೆ ನಮಸ್ಕಾರ.

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವಳು. ಒಂದು ಸದ್ದಿನಿಂದ ಮಾತು ಶುರು ಮಾಡುತ್ತೇನೆ. ಬಾನುಲಿಗೆ ಅದೇ ಸರಿ, ಅಲ್ವಾ?

ಬಾಯಿಂದ ಊಟ ಮಾಡಲಾಗದ ರೋಗಿಗೆ ಮೂಗಿನ ಮೂಲಕ ಹೊಟ್ಟೆಗೆ ಒಂದು ಸಣ್ಣ ನಳಿಕೆ ಇಳಿಸುತ್ತೇವೆ. ವಾರ್ಡಿನಲ್ಲಿ ಅದಕ್ಕೆ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಇಳಿದದ್ದು ಹೊಟ್ಟೆಗೋ, ದಾರಿ ತಪ್ಪಿ ಶ್ವಾಸಕೋಶಕ್ಕೋ ಅಂತ ನೋಡಲೇಬೇಕು. ಶ್ವಾಸಕೋಶಕ್ಕೆ ಹೋದ ಟ್ಯೂಬಿನಲ್ಲಿ ಆಹಾರ ಬಿಟ್ಟರೆ ರೋಗಿಯ ಜೀವಕ್ಕೇ ಕುತ್ತು. ನಾನು ಕಲಿಯುವಾಗ ಹೇಳಿಕೊಟ್ಟ ಪರೀಕ್ಷೆ ಹೀಗಿತ್ತು. ಸಿರಿಂಜಿನಲ್ಲಿ ಗಾಳಿ ಎಳೆದುಕೊಂಡು ಟ್ಯೂಬಿನೊಳಗೆ ಒಮ್ಮೆಲೇ ಒತ್ತಬೇಕು. ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು. ಗುಳುಗುಳು ಅಂದರೆ ಸರಿಯಾಗಿ ಕೂತಿದೆ ಅಂತ ಅರ್ಥ. ನಾನೂ ಅದನ್ನೇ ವರ್ಷಗಟ್ಟಲೆ ಹೇಳಿಕೊಟ್ಟೆ.

ಒಂದು ದಿನ ಎರಡನೇ ವರ್ಷದ ಹುಡುಗಿಯೊಬ್ಬಳು ಕಿವಿಯಿಂದ ಸ್ಟೆತಾಸ್ಕೋಪ್ ತೆಗೆದು ಕೇಳಿದಳು. "ಮೇಡಂ, ಟ್ಯೂಬು ಶ್ವಾಸಕೋಶದಲ್ಲಿದ್ದರೂ ಗಾಳಿ ಸದ್ದು ಮಾಡುತ್ತಲ್ವಾ? ಇದು ಹೊಟ್ಟೆಯ ಸದ್ದೇ ಅಂತ ಹೇಗೆ ಗೊತ್ತಾಗುತ್ತೆ?"

"ಮಾಡ್ತಾ ಮಾಡ್ತಾ ಗೊತ್ತಾಗುತ್ತಮ್ಮ, ಮುಂದಿನ ಬೆಡ್‌ಗೆ ನಡಿ" ಅಂದೆ. ಆಮೇಲೆ ಅವಳು ಆ ದಿನ ಏನೂ ಕೇಳಲಿಲ್ಲ.

ರಾತ್ರಿ ಸುಮ್ನೆ ಕೂರಲಾಗಲಿಲ್ಲ. ಹುಡುಕಿ ನೋಡಿದೆ. ಅವಳ ಅನುಮಾನ ಹಳೆಯದೇ. ಸದ್ದು ಹೊಟ್ಟೆಯದೋ ಎದೆಯದೋ ಅಂತ ನಂಬಬಹುದಾದ ಹಾಗೆ ಕಿವಿಗೆ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ ರೋಗಿಗಳ ಸುರಕ್ಷತೆ ನೋಡಿಕೊಳ್ಳುತ್ತಿದ್ದ ಸಂಸ್ಥೆ 2005ರಲ್ಲೇ ಈ ಗಾಳಿ ಪರೀಕ್ಷೆಯನ್ನು ನೆಚ್ಚಬೇಡಿ ಅಂತ ಆಸ್ಪತ್ರೆಗಳಿಗೆ ಹೇಳಿತ್ತು. ಅದರ ಬದಲು ಟ್ಯೂಬಿನಿಂದ ಸ್ವಲ್ಪ ದ್ರವ ಎಳೆದು, ಆಮ್ಲ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿಗೆ ತಾಗಿಸಿ ಅಂದಿತ್ತು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ಆಮ್ಲ. ದ್ರವ ಬರದಿದ್ದರೆ, ಅನುಮಾನ ಉಳಿದರೆ, ಎಕ್ಸ್‌ರೇ. ಆಮ್ಲ ಕಡಿಮೆ ಮಾಡುವ ಮಾತ್ರೆ ತಗೊಳ್ಳುವವರಲ್ಲಿ ಪಟ್ಟಿಯ ಅಂಕಿಯೂ ಏರಿರಬಹುದು, ಅದು ಬೇರೆ ತಲೆನೋವು.

ಮಾರನೇ ದಿನ ಕ್ಲಾಸಿನಲ್ಲಿ ನನ್ನ ಪಾಠ ತಪ್ಪಾಗಿತ್ತು ಅಂತ ಹೇಳಿದೆ. ಪುರಾವೆ ಆಧಾರಿತ ಅಭ್ಯಾಸ, ಅಂದರೆ ರೂಢಿಯನ್ನಷ್ಟೇ ನೆಚ್ಚದೆ ಸಂಶೋಧನೆಯ ಪುರಾವೆ ನೋಡಿ ರೋಗಿಯ ಆರೈಕೆ ಮಾಡುವುದು, ವಿದ್ಯಾರ್ಥಿಗಳ ಬಾಯಲ್ಲಿ ಇಬಿಪಿ, ಅದನ್ನು ನಾನು ನಿಜವಾಗಿ ಕಲಿಸಿದ್ದು ಅವತ್ತೇ ಮೊದಲು. ಅದಕ್ಕೂ ಮುಂಚೆ ಅದರ ಸಿಲಬಸ್ ಮುಗಿಸಿದ್ದೆ, ಅಷ್ಟೆ.

ಈ ಹೆಸರಿಗೆ ತುಂಬ ವಯಸ್ಸೇನೂ ಆಗಿಲ್ಲ. 'ಪುರಾವೆ ಆಧಾರಿತ ವೈದ್ಯಕೀಯ' ಅನ್ನುವ ಮಾತನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್ 1991ರಲ್ಲಿ ಬಳಕೆಗೆ ತಂದರು. ನರ್ಸಿಂಗ್, ಫಿಸಿಯೊಥೆರಪಿ, ಎಲ್ಲವೂ ಆಮೇಲೆ ಅದನ್ನು ತಮ್ಮದು ಮಾಡಿಕೊಂಡವು. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು ಬರೆದ ಒಂದು ಪುಟ್ಟ ಲೇಖನ ಇದೆ. ಸಂಶೋಧನೆಯ ಪುರಾವೆಯ ಜೊತೆಗೆ ಚಿಕಿತ್ಸೆ ಕೊಡುವವರ ಅನುಭವವೂ ಬೇಕು, ರೋಗಿಯ ಇಷ್ಟಾನಿಷ್ಟವೂ ಲೆಕ್ಕಕ್ಕೆ ಬರಬೇಕು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಾರೆ, ವಾರ್ಡಿಗೆ ಹೋಗಿ ಹಿರಿಯರು ಮಾಡಿದ್ದನ್ನೇ ಮಾಡುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಕಲಿಸಿದ್ದು ನಾವೇ.

2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆಯೇ, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆ ಬಂತು. ಇಬಿಪಿಯನ್ನು ಕ್ಲಾಸಿನಲ್ಲಿ ಬೇರೆ ವಿಷಯವಾಗಿ ಕಲಿಸಿದಾಗ ತಿಳಿವಳಿಕೆ ಹೆಚ್ಚಿತು, ಆದರೆ ಕೌಶಲವೂ ನಡವಳಿಕೆಯೂ ಬದಲಾಗಲಿಲ್ಲ. ರೋಗಿಗಳ ನಡುವೆ, ದಿನದ ಕೆಲಸದ ಜೊತೆಗೇ ಕಲಿಸಿದಾಗ ಅವೂ ಬದಲಾದವು. ಆ ವಿಮರ್ಶೆ ನೋಡಿದ್ದು ಸ್ನಾತಕೋತ್ತರ ಮಟ್ಟದ ವೈದ್ಯರನ್ನು. ಪದವಿ ಮಕ್ಕಳಿಗೂ ಹಾಗೇ ಅಂತ ಅದೊಂದರ ಮೇಲೆ ಹೇಳಿಬಿಟ್ಟರೆ ನನ್ನ ವಿದ್ಯಾರ್ಥಿಗಳೇ ನನ್ನನ್ನು ಹಿಡಿದುಹಾಕುತ್ತಾರೆ. ಆದರೆ ನಾನು ಕಂಡದ್ದೂ ಅದನ್ನೇ.

ಹಾಗಾಗಿ ಈಗ ಬೆಡ್ ಹತ್ತಿರದಿಂದ ಶುರು ಮಾಡುತ್ತೇವೆ. ಪ್ರತಿಯೊಬ್ಬರೂ ವಾರ್ಡಿನಿಂದ ಒಂದು ಅನುಮಾನ ತರಬೇಕು. ಮೊದಮೊದಲು ತರುವುದೆಲ್ಲ ಕೊಳಗದಷ್ಟು ದೊಡ್ಡದು: "ಬೆಡ್‌ಸೋರ್ ಹೇಗೆ ತಡೆಯೋದು?" ಇಂಥದಕ್ಕೆ ಡೇಟಾಬೇಸಿನಲ್ಲಿ ಸಾವಿರಗಟ್ಟಲೆ ಲೇಖನ ಬಂದು ಬೀಳುತ್ತವೆ, ಹುಡುಗರು ಮೊದಲ ಪುಟ ನೋಡಿ ಕೈಬಿಡುತ್ತಾರೆ. ಅದನ್ನು ಕೂತು ಸಣ್ಣದು ಮಾಡಬೇಕು. ರೋಗಿ ಯಾರು? ಏನು ಮಾಡೋಣ ಅಂತಿದ್ದೀರಿ? ಯಾವುದಕ್ಕೆ ಹೋಲಿಸುತ್ತೀರಿ? ಕೊನೆಗೆ ಏನಾಗಬೇಕು? ಪುಸ್ತಕದಲ್ಲಿ ಇದಕ್ಕೆ ಪಿಕೋ ಅಂತ ಹೆಸರು. "ಎದ್ದು ಓಡಾಡಲಾಗದ ವಯಸ್ಸಾದ ರೋಗಿಗೆ, ಮಾಮೂಲಿ ಹಾಸಿಗೆಗಿಂತ ವಿಶೇಷ ಫೋಮ್ ಹಾಸಿಗೆ ಹಾಕಿದರೆ ಹುಣ್ಣು ಕಡಿಮೆಯಾಗುತ್ತಾ?" ಇಷ್ಟು ಬರಲು ಅರ್ಧ ಗಂಟೆ ಹಿಡಿಯುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಅರ್ಧ ಗಂಟೆ ಅದು.

ಇನ್ನು ಲೆಕ್ಕ. ನರ್ಸಿಂಗ್ ಸೇರಿದ ಎಷ್ಟೋ ಮಕ್ಕಳು ಗಣಿತಕ್ಕೆ ಹೆದರಿ ಬಂದವರು. ಅವರ ಮುಂದೆ ಸಂಖ್ಯಾಶಾಸ್ತ್ರದ ಪಿ ಮೌಲ್ಯ ಅಂದರೆ ಮುಖ ಬಾಡುತ್ತದೆ. ನಾನು ಅವರಿಗೆ ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. ಹೃದಯಾಘಾತವಾದವರಲ್ಲಿ ಕೆಲವರಿಗೆ ಬಡಿತ ಆಗಾಗ ತಾಳ ತಪ್ಪುತ್ತದೆ. ಹಾಗೆ ತಪ್ಪುವವರು ಸಾಯುವುದೂ ಜಾಸ್ತಿ. ತಾಳ ಸರಿಪಡಿಸುವ ಗುಳಿಗೆ ಇತ್ತು. ಕೊಟ್ಟರೆ ಬದುಕುತ್ತಾರೆ ಅಲ್ವಾ? ಕ್ಲಾಸೆಲ್ಲ ಹೌದು ಅನ್ನುತ್ತದೆ. ವೈದ್ಯರೂ ಹಾಗೇ ಅಂದುಕೊಂಡು ಕೊಡುತ್ತಿದ್ದರು. ಅಮೆರಿಕದಲ್ಲಿ ಕಾಸ್ಟ್ ಅನ್ನುವ ಪ್ರಯೋಗ ಮಾಡಿ, ಚೀಟಿ ಎತ್ತಿದ ಹಾಗೆ ಕೆಲವರಿಗೆ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಟ್ಟರು. 1989ರಲ್ಲಿ ಆ ಔಷಧಿಗಳನ್ನು ನಡುವೆಯೇ ನಿಲ್ಲಿಸಬೇಕಾಯಿತು. 1991ರಲ್ಲಿ ಅಚ್ಚಾದ ಲೆಕ್ಕ ಇದು: ಔಷಧಿ ತಗೊಂಡ 755 ಜನರಲ್ಲಿ 63 ಸಾವು. ಹುಸಿ ಗುಳಿಗೆ ತಗೊಂಡ 743 ಜನರಲ್ಲಿ 26.

ಈ ನಾಲ್ಕು ಅಂಕಿಯನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತುಬಿಡುತ್ತೇನೆ. ಯಾರೋ ಒಬ್ಬರು ಭಾಗಾಕಾರ ಮಾಡುತ್ತಾರೆ. ನೂರಕ್ಕೆ ಎಂಟು ಚಿಲ್ಲರೆ ಒಂದು ಕಡೆ, ಮೂರೂವರೆ ಇನ್ನೊಂದು ಕಡೆ. "ಎರಡು ಪಟ್ಟಿಗಿಂತ ಜಾಸ್ತಿ ಮೇಡಂ" ಅಂತ ಒಬ್ಬಳು. "ನೂರು ಜನರಲ್ಲಿ ಐದು ಜನ ಹೆಚ್ಚು" ಅಂತ ಇನ್ನೊಬ್ಬ. ಇಬ್ಬರದೂ ಸರಿ. ಹಾಗಾದರೆ ರೋಗಿಯ ಮನೆಯವರಿಗೆ ಯಾವುದನ್ನು ಹೇಳುತ್ತೀರಿ ಅಂತ ಕೇಳಿದರೆ ಜಗಳ ಶುರು. ಆ ಜಗಳದಲ್ಲಿ ಗಣಿತದ ಹೆದರಿಕೆ ಯಾರಿಗೂ ನೆನಪಿರುವುದಿಲ್ಲ.

ಸ್ಯಾಕೆಟ್ ಹೇಳಿದ ಮೂರರಲ್ಲಿ ಮೂರನೆಯ ಕಾಲು, ರೋಗಿಯ ಇಷ್ಟ, ಯಾವಾಗಲೂ ಕುಂಟುತ್ತದೆ. ಮಂಡಿನೋವಿಗೆ ವ್ಯಾಯಾಮ ಒಳ್ಳೆಯದು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಒಬ್ಬ ವಿದ್ಯಾರ್ಥಿ ಅದನ್ನೆಲ್ಲ ಓದಿಕೊಂಡು ಹೋಗಿ ಅಜ್ಜಿಯೊಬ್ಬರಿಗೆ ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮ ಹೇಳಿದ. "ಮಲಗಿದರೆ ನನ್ನನ್ನು ಎಬ್ಬಿಸೋದು ಯಾರಪ್ಪ, ನೀನು ಬರ್ತೀಯಾ?" ಅಂದರು ಅಜ್ಜಿ. ಕುರ್ಚಿಯಲ್ಲಿ ಕೂತು ಮಾಡುವುದನ್ನು ಕಲಿಸಿ ಬಂದ.

ಕಷ್ಟದ್ದು ಅಂದರೆ ಹಿರಿಯರನ್ನು ಕೇಳುವುದು. ವಾರ್ಡಿನಲ್ಲಿ ವಿದ್ಯಾರ್ಥಿ ಅಂದರೆ ಎಲ್ಲರಿಗಿಂತ ಕೆಳಗಿನವರು. "ಇದಕ್ಕೆ ಪುರಾವೆ ಏನು?" ಅಂದರೆ ಅಧಿಕಪ್ರಸಂಗ ಅನ್ನಿಸಿಕೊಳ್ಳುತ್ತಾರೆ. ಅದಕ್ಕೇ ಕೇಳುವ ರೀತಿಯನ್ನೂ ಅಭ್ಯಾಸ ಮಾಡಿಸುತ್ತೇನೆ. "ಸಿಸ್ಟರ್, ಪುಸ್ತಕದಲ್ಲಿ ಬೇರೆ ಥರ ಓದಿದೆ, ಇಲ್ಲಿ ಹೀಗೆ ಮಾಡೋದು ಯಾಕೆ ಅಂತ ಹೇಳಿಕೊಡ್ತೀರಾ?" ಎಷ್ಟೋ ಸಲ ಸಿಸ್ಟರ್ ಹತ್ತಿರ ಒಳ್ಳೆಯ ಕಾರಣವೇ ಇರುತ್ತದೆ. ಇಲ್ಲದಿದ್ದರೆ, ಒಂದು ನಿಮಿಷ ಅವರೂ ಯೋಚಿಸುತ್ತಾರೆ.

ಮೊನ್ನೆ ಗಾಯ ತೊಳೆಯುವ ಬಗ್ಗೆ ನಾನೇ ಬರೆದ ಟಿಪ್ಪಣಿ ಹಂಚಿದ್ದೆ. ಕ್ಲಾಸು ಮುಗಿದ ಮೇಲೆ ಒಂದು ಪ್ರತಿ ನನ್ನ ಮೇಜಿನ ಮೇಲೆ ವಾಪಸ್ ಬಂದಿತ್ತು. ನಾಲ್ಕನೇ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಎಲ್ಲಿಂದ ಮೇಡಂ? ಯಾವ ವರ್ಷದ್ದು?" ಹೆಸರು ಬರೆದಿರಲಿಲ್ಲ. ಆ ಸಾಲನ್ನು ಎಲ್ಲಿ ಓದಿದ್ದೆ ಅಂತ ಇನ್ನೂ ಹುಡುಕುತ್ತಿದ್ದೇನೆ. ಸೋಮವಾರ ಮತ್ತೆ ಅದೇ ಕ್ಲಾಸಿದೆ.

ನಮಸ್ಕಾರ.