ನೀರು ಕುಡ್ದು ರೋಗ ಬಂದ್ರ ಕೇಸ್ ಹಾಕ್ಲಿಕ್ಕ ಬರ್ತದೇನು? ಐದು ವರ್ಷದ ಲೆಕ್ಕ ನೋಡ್ರಿ

(ದೃಶ್ಯ: ಸುರಪುರ ಬಸ್ ಸ್ಟ್ಯಾಂಡ್, ಮುಂಜಾನಿ)

ಶರಣು ಶರಣಾರ್ಥಿ ಎಲ್ಲಾರಿಗೂ. ಈ ಬಸ್ ಸ್ಟ್ಯಾಂಡಿನಾಗ ಒಮ್ಮಿ ತಾಂಡಾದ ಒಬ್ಬ ಯಾಡಿ (ಲಂಬಾಣಿ ಮಾತಿನಾಗ ಅವ್ವ) ನನ್ನ ಬಾಜೂಕ ಕುಂತಿದ್ರು. ಮಾತಿಗಿ ಮಾತು ಬಂದು ಅಂಗೈ ಬಿಚ್ಚಿ ತೋರಿಸಿದ್ರು. ಕೈ ತುಂಬ ಸಣ್ಣ ಸಣ್ಣ ಆಣಿ, ಕಲ್ಲಿನಂಗ ಗಟ್ಟಿ. "ತಮ್ಮಾ, ನೀರು ಕುಡ್ದೇ ಹಿಂಗ ಆಗ್ಯಾದ ಅಂತಾರ. ಕೇಸ್ ಹಾಕ್ಲಿಕ್ಕ ಬರ್ತದೇನು?" ಅಂದ್ರು. ಬರ್ತದ ಯಾಡಿ ಅಂದೆ. ಮನಿಗಿ ಬಂದು ಕಾನೂನು ಓದಿದ ಮ್ಯಾಲ ಆ ಒಂದು ಮಾತು ಸಾಲಂಗಿಲ್ಲ ಅನ್ನಿಸ್ತು.

ಮೂಲ ವಿಷಯ ಜಲ್ದಿ ಹೇಳ್ತೀನಿ. ಯಾದಗಿರಿ ಜಿಲ್ಲಾದ ಕಿರದಳ್ಳಿ ತಾಂಡಾದಾಗ ಬೋರಿನ ನೀರಿನೊಳಗ ಆರ್ಸೆನಿಕ್ ಅನ್ನೋ ವಿಷ ಸಿಕ್ಕದ, ಮಂದಿಗಿ ಚರ್ಮದ ರೋಗ ಬಂದದ, ಕೆಲವ್ರಿಗಿ ಕ್ಯಾನ್ಸರ್ ಸುದ್ದಾ. ಅಲ್ಲೇ ಮಂಗಳೂರಿನ ಹಳೇ ಬಂಗಾರದ ಗಣಿ ಅದ. ಇದು ಸಮುದ್ರದ ಮಂಗಳೂರಲ್ಲ, ಸುರಪುರ ಕಡಿ ಮಂಗಳೂರು. ಬಂಗಾರ ಇರೋ ಕಲ್ಲಿನಾಗ ಆರ್ಸೆನಿಕ್ ಜೋಡಿ ಇರೋದು ಸಾಮಾನ್ಯ. ಅದಕ ಬಣ್ಣ ಇಲ್ಲ, ವಾಸನಿ ಇಲ್ಲ, ರುಚಿ ಇಲ್ಲ. ಕಾಸಿದ್ರ ಹೋಗಂಗಿಲ್ಲ, ನೀರು ಆವಿ ಆಗಿ ಉಳಿದದ್ದು ಇನ್ನೂ ದಟ್ಟ ಆಗ್ತದ. ಲೀಟರಿಗಿ 0.01 ಮಿಲಿಗ್ರಾಂ ದಾಟಬಾರ್ದು ಅಂತ ನಮ್ಮ ದೇಶದ ಕುಡಿಯೋ ನೀರಿನ ಐಎಸ್ 10500 ಮಾನಕ ಹೇಳ್ತದ.

ಈಗ ಕೋರ್ಟಿಗಿ ಬರೋಣ. ಪರಿಸರದ ಕೇಸ್ ಕೇಳೋ ಕೋರ್ಟಿಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಂತಾರ, ಅದರ 2010ರ ಕಾಯ್ದೆ ಅದ. ಮಾಲಿನ್ಯದಿಂದ ರೋಗ ಬಂದ್ರ ಪರಿಹಾರ ಕೇಳ್ಲಿಕ್ಕ ಆ ಕಾಯ್ದೆದ 15ನೇ ಕಲಂ. ಕೇಳೋ ಗಡುವು ಐದು ವರ್ಷ, ಮ್ಯಾಲ ಸರಿಯಾದ ಕಾರಣ ಇದ್ರ 60 ದಿನ. ಎಂದಿನಿಂದ ಐದು ವರ್ಷ? ಪರಿಹಾರ ಕೇಳೋ ಕಾರಣ "ಮೊದಲ ಸಲ" ಹುಟ್ಟಿದ ದಿನದಿಂದ.

ಈ "ಮೊದಲ ಸಲ" ಅನ್ನೋ ಮಾತಿನ ಮ್ಯಾಲೇ ನನ್ನ ತಲಿ ನಿಂತದ. ವಿಶ್ವ ಆರೋಗ್ಯ ಸಂಸ್ಥಿ ಪ್ರಕಾರ ಆರ್ಸೆನಿಕ್ ಜಾಸ್ತಿ ಇರೋ ನೀರು ಕಮ್ಮೀತಕಮ್ಮಿ ಸುಮಾರು ಐದು ವರ್ಷ ಕುಡ್ದ ಮ್ಯಾಲ ಚರ್ಮದ ಗುರ್ತು ಕಾಣ್ತಾವ. ಕ್ಯಾನ್ಸರ್ ಇನ್ನೂ ತಡಾ. ಅಂದ್ರ ರೋಗ ಮೈಮ್ಯಾಲ ಕಾಣೋದ್ರಾಗ ಐದು ವರ್ಷ ಹೋಗ್ಯಾವ, ಕಾನೂನು ಕೊಟ್ಟದ್ದೂ ಐದೇ ವರ್ಷ! ಮೊದಲ ಕೊಡ ತುಂಬಿದ ದಿನದಿಂದ ಎಣಿಸಿದ್ರ ಯಾಡಿಯಂಥವ್ರಿಗಿ ಬಾಗಿಲು ತೆರೆಯೋ ಮೊದಲೇ ಮುಚ್ಚಿರ್ತದ. ಡಾಕ್ಟರು "ಇದು ನೀರಿನಿಂದ ಬಂದದ್ದು" ಅಂತ ಚೀಟಿ ಮ್ಯಾಲ ಬರೆದ ದಿನದಿಂದಲೇ ಎಣಿಸಬೇಕು. ಬ್ಯಾರೆ ಹ್ಯಾಂಗ ಎಣಿಸಿದ್ರೂ ಅದು ನ್ಯಾಯ ಅಲ್ಲ ಅಂತ ನಾನಂತೀನಿ. ವಕೀಲರು ಈ ವಾದ ಗಟ್ಟಿಯಾಗಿ ಹಿಡೀಬೇಕು, ಅದಕ್ಕ ತಾರೀಕು ಇರೋ ಚೀಟಿ ಬೇಕೇ ಬೇಕು.

(ದೃಶ್ಯ: ಕಿರಾಣಿ ಅಂಗಡಿಯ ಉದ್ರಿ ಪುಸ್ತಕ)

ಹಳೇ ಚೀಟಿ ಇಲ್ಲದವ್ರು ಏನು ಮಾಡ್ಬೇಕು? ಇದು ನಂಗ ಭಾಳ ಹಿಡಿಸಿದ ಸಂಗತಿ. ನಿಮ್ಮ ಮೈ ಒಂದು ಉದ್ರಿ ಪುಸ್ತಕ ಇಟ್ಟದ. ಕೂದಲು, ಉಗುರು ಕೆರಾಟಿನ್ ಅನ್ನೋ ಪ್ರೋಟೀನಿನಿಂದ ಆಗ್ಯಾವ, ಅದ್ರಾಗ ಗಂಧಕ ಇರ್ತದ. ರಕ್ತದಾಗಿನ ಆರ್ಸೆನಿಕ್ ಆ ಗಂಧಕಕ್ಕ ಹೋಗಿ ಅಂಟ್ಕೋತದ. ಕೂದಲು ತಿಂಗಳಿಗಿ ಸುಮಾರು 1 ಸೆಂಟಿಮೀಟರ್ ಬೆಳೀತದ. ಗೇಣುದ್ದ ಜಡಿ ಇದ್ರ ಒಂದು ವರ್ಷಕ್ಕಿಂತ ಹೆಚ್ಚಿನ ಲೆಕ್ಕ ಆಯ್ತು: ಬುಡದಾಗ ಈ ತಿಂಗಳದು, ತುದಿಯೊಳಗ ಹೋದ ವರ್ಷದ ಉಗಾದಿದು. ಕಾಲಿನ ಉಗುರು ಇನ್ನೂ ನಿಧಾನ, ಹೆಬ್ಬೆರಳಿನ ತುದಿ ಅಂದ್ರ ವರ್ಷದ ಹಿಂದಿನ ಮಾತು. ಮೂತ್ರ ಪರೀಕ್ಷಾ ಹಂಗಲ್ಲ, ಅದು ಪಾಟಿ ಇದ್ದಂಗ, ನಾಕು ದಿನದ್ದು ತೋರಿಸಿ ಅಳಿಸಿ ಹೋಗ್ತದ. ಎದುರಿನ ವಕೀಲರು ಮಾತ್ರ ಕೇಳೇ ಕೇಳ್ತಾರ: ಅದೇ ನೀರಿನಾಗ ತಲಿ ತೊಳ್ದೀರಿ, ಕೂದಲಿಗಿ ಹೊರಗಿಂದ ಹತ್ತಿದ್ದಲ್ಲೇನು? ಅದಕ್ಕೇ ಪ್ರಯೋಗಾಲಯದಾಗ ಮೊದಲು ಕೂದಲು ತೊಳ್ದು ಪರೀಕ್ಷಾ ಮಾಡ್ತಾರ, ಜೋಡಿ ಮೂತ್ರದ್ದೂ ನೋಡ್ತಾರ.

ಬ್ಯಾರೆ ದೇಶದಾಗ ಇದೇ ಗಡುವಿನ ಗೋಡಿ ಒಡೆದದ್ದು ಅದ. ಅಮೆರಿಕದ ನಾರ್ತ್ ಕೆರೊಲಿನಾದಾಗ ಕ್ಯಾಂಪ್ ಲೆಜೂನ್ ಅಂತ ಸೈನಿಕ ನೆಲಿ. 1953ರಿಂದ 1987ರ ತನಕ ಅಲ್ಲಿ ಕುಡಿಯೋ ನೀರಿನಾಗ ಬಟ್ಟಿ ಡ್ರೈ ಕ್ಲೀನಿಂಗ್ ಮಾಡೋ ರಾಸಾಯನಿಕ, ಬೆಂಜೀನ್ ಇದ್ವು. ಸೈನಿಕರ ಮನಿಮಂದಿ ಕೇಸ್ ಹಾಕಿದ್ರ ಆ ರಾಜ್ಯದ ಹತ್ತು ವರ್ಷದ ಗಡುವು ಅಡ್ಡ ಬಂತು. ಕಡೀಕ 2022ರ ಆಗಸ್ಟಿನಾಗ ಹೊಸ ಕಾಯ್ದೆ ಆಯ್ತು: ಹಳೇ ಗಡುವು ತೆಗೆದ್ರು, 30 ದಿನ ಅಲ್ಲಿದ್ರ ಸಾಕು, ನೀರಿನಿಂದ ರೋಗ ಬಂದಿರೋ ಸಾಧ್ಯತಿ ಬಂದಿಲ್ಲ ಅನ್ನೋ ಸಾಧ್ಯತಿಗಿ ಸಮ ಇದ್ರೂ ಸಾಕು. ತಕ್ಕಡಿ ಸಮ ನಿಂತ್ರ ರೋಗಿ ಕಡಿ ಅಂತ! ಅಲ್ಲೂ ಕೇಳ್ಲಿಕ್ಕ ಎರಡೇ ವರ್ಷ ಕೊಟ್ರು, ಅದು 2024ಕ್ಕ ಮುಗೀತು. ನಮ್ಮ ಕಾಯ್ದೆದಾಗೂ ಇಂಥ ತಿದ್ದುಪಡಿ ಆಗ್ಬೇಕು.

ಟೈಮ್ ಕಮ್ಮಿ ಅದ, ಉಳಿದದ್ದು ಒಟ್ಟಿಗಿ ಹೇಳ್ತೀನಿ. ಫ್ಯಾಕ್ಟರಿ ನೀರಿನಿಂದ ಆಗಿದ್ರ, ಬೀದರಿನ ಕೊಳಾರ, ನಮ್ಮ ಕಡೇಚೂರಿನಂಥ ಕೈಗಾರಿಕಾ ಪ್ರದೇಶದ ಬಾಜೂಕ ಇರೋರು ಲಕ್ಷ್ಯ ಕೊಡ್ರಿ, ಹಸಿರು ನ್ಯಾಯಮಂಡಳಿಗಿ ಹೋಗ್ಬೇಕು. ನಮ್ಮ ಪೀಠ ಚೆನ್ನೈದಾಗ ಅದ. ಅಲ್ಲಿ ಫ್ಯಾಕ್ಟರಿಯವ್ರು ಬೇಕಂತ ಮಾಡ್ಯಾರ ಅಂತ ತೋರಿಸೋದು ಬೇಕಿಲ್ಲ, ಅವರ ಕೆಲಸದಿಂದ ಆಗ್ಯಾದ ಅಂತ ತೋರಿಸಿದ್ರ ಸಾಕು. ಕಿರದಳ್ಳಿಯಂಗ ಹಳೇ ಗಣಿ, ನೆಲದಾಗಿನ ಕಲ್ಲು ಕಾರಣ ಆದ್ರ ಹಿಡೀಲಿಕ್ಕ ಮಾಲಕ ಸಿಗೋದು ಕಷ್ಟ. ಆಗ ಸರ್ಕಾರನ್ನ ಕೇಳ್ಬೇಕು. ಸ್ವಚ್ಛ ನೀರು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗ ಬರ್ತದ ಅಂತ ಸುಪ್ರೀಂ ಕೋರ್ಟ್ 1991ರಾಗೇ ಹೇಳ್ಯಾದ. ರಿಟ್ ಅರ್ಜಿ (ಹಕ್ಕಿಗಾಗಿ ಸೀದಾ ಹೈಕೋರ್ಟಿಗಿ ಹಾಕೋ ಅರ್ಜಿ) ಹಾಕ್ಲಿಕ್ಕ ಕಲಬುರಗಿ ಹೈಕೋರ್ಟ್ ಪೀಠ ಅದ. ಹೆಣ್ಮಕ್ಕಳಿಗಿ, ಪರಿಶಿಷ್ಟ ಜಾತಿ ಪಂಗಡದವ್ರಿಗಿ ಆದಾಯ ಎಷ್ಟಿದ್ರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟಿ ವಕೀಲರನ್ನ ಕೊಡ್ತದ. ಲಂಬಾಣಿ ಮಂದಿ ಇದ್ರಾಗ ಬರ್ತಾರ.

ಗೆದ್ದ ಮ್ಯಾಲೂ ತಡಾ ಆಗ್ತದ, ಅದನ್ನೂ ಹೇಳ್ಬೇಕು. ರಾಜಸ್ಥಾನದ ಬಿಛ್ರಿ ಊರಾಗ ಕೆಮಿಕಲ್ ಫ್ಯಾಕ್ಟರಿಯಿಂದ ಬಾವಿ ಕೆಟ್ವು. 1996ರಾಗ ಸುಪ್ರೀಂ ಕೋರ್ಟ್ "ಕೆಡಿಸಿದವ್ರೇ ಖರ್ಚು ಕೊಡ್ಬೇಕು" ಅಂತು. ನೆಲ ನೀರು ಸರಿ ಮಾಡೋ ಆ ರೊಕ್ಕ, 37.385 ಕೋಟಿ ರೂಪಾಯಿ, ಫ್ಯಾಕ್ಟರಿಯವ್ರು ಕೊಡದೇ ಉಳಿದು 2011ರಾಗ ಕೋರ್ಟ್ ಚಕ್ರಬಡ್ಡಿ ಹಚ್ಚಿ ಮತ್ತ ಕೇಳೋ ಹಂಗ ಆಯ್ತು.

ಇವತ್ತೇ ಮಾಡೋದು ಒಂದದ. ನಿಮ್ಮ ಊರ ಬೋರಿನ ನೀರು ಸರ್ಕಾರ ಎಂದೆಂದು ಪರೀಕ್ಷಾ ಮಾಡ್ಯಾದ, ಏನು ಬಂದದ ಅಂತ ಮಾಹಿತಿ ಹಕ್ಕಿನಾಗ ಕೇಳ್ರಿ. 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ ಕೊಡ್ಬೇಕು. ವರದಿ ಬಂದ್ರ ನಮಗ ಒಂದು ಫೋಟೋ ಕಳಸ್ರಿ, ಅದ್ರಾಗಿನ ಅಂಕಿ ಹ್ಯಾಂಗ ಓದ್ಬೇಕು ಅಂತ ಮುಂದಿನ ವಿಡಿಯೋದಾಗ ಕೂಡಿ ನೋಡೋಣ್ರಿ.