ಊಟಿ ರೈಲಿಗೆ ಮಳೆಗಾಲದಲ್ಲೇ ಹೋಗಿ, ಕೆಳಗಿನಿಂದಲೇ ಹತ್ತಿ

ನಮಸ್ಕಾರ. ಊಟಿಯ ಪುಟಾಣಿ ರೈಲು ಹತ್ತಿದ್ದೀರಾ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ಹೌದು ಅನ್ನುತ್ತಾರೆ. ಎಲ್ಲಿಂದ ಹತ್ತಿದಿರಿ ಅಂತ ಇನ್ನೊಂದು ಮಾತು ಕೇಳಿ ನೋಡಿ. ಮೈಸೂರಿನಿಂದ ಬಂಡೀಪುರ ದಾಟಿ ಕಾರಿನಲ್ಲಿ ಊಟಿಗೆ ಹೋಗಿರುತ್ತಾರೆ. ಅಲ್ಲಿಂದ ಕೂನೂರಿಗೆ ರೈಲಿನಲ್ಲಿ ಒಂದು ಸುತ್ತು ಹಾಕಿ ಬಂದಿರುತ್ತಾರೆ. ಆ ದಾರಿಯೂ ಚೆನ್ನಾಗಿದೆ, ಆದರೆ ಅಲ್ಲಿ ಸಾಮಾನ್ಯವಾಗಿ ಓಡುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಇರುವುದು ಕೂನೂರಿನಿಂದ ಕೆಳಗೆ, ಬೆಟ್ಟದ ಬುಡದಲ್ಲಿರುವ ಮೆಟ್ಟುಪಾಳಯಂ ಕಡೆಗೆ. ನಮಗೆ ಅದು ಬೆಟ್ಟದ ಆಚೆ ಬದಿ. ಅದಕ್ಕೇ ನಮ್ಮವರಿಗೆ ಅದು ತಪ್ಪಿಹೋಗುವುದು.

ನಾನು ಹೇಳುವುದು ಇಷ್ಟೇ. ಆಚೆ ಬದಿಗೆ ಹೋಗಿ. ಮಳೆ ಇದ್ದಾಗ ಹೋಗಿ.

ನಾನು ಹೋದದ್ದು ಆಗಸ್ಟಿನ ಒಂದು ಬೆಳಗ್ಗೆ. ಮೆಟ್ಟುಪಾಳಯಂನಲ್ಲಿ ಸಣ್ಣಗೆ ತುಂತುರು ಹಿಡಿದಿತ್ತು. ಮೊದಲ ಏಳೆಂಟು ಕಿಲೋಮೀಟರ್ ನೆಲ ಸಮ, ಎರಡೂ ಕಡೆ ಅಡಿಕೆ ತೋಟ. ಅಡಿಕೆ ಮರಗಳ ಮೇಲೆ ಮಳೆ ಬೀಳುವ ಸದ್ದು ನಮಗೆ ಹೊಸದಲ್ಲ, ಅಲ್ವಾ? ಶಿರಸಿಯಲ್ಲೋ ತೀರ್ಥಹಳ್ಳಿಯಲ್ಲೋ ಇದ್ದ ಹಾಗೇ ಅನಿಸುತ್ತಿತ್ತು. ಕಲ್ಲಾರ್ ಸ್ಟೇಷನ್ ದಾಟಿದ ಮೇಲೆ ಬೆಟ್ಟ ಎದ್ದು ನಿಲ್ಲುತ್ತದೆ.

ಅಲ್ಲಿ ಏರು ಎಷ್ಟು ಗೊತ್ತಾ? ಕಡಿದಾದ ಕಡೆ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಕಬ್ಬಿಣದ ಹಳಿ, ಕಬ್ಬಿಣದ ಚಕ್ರ, ನಡುವೆ ಮಳೆನೀರು. ಚಕ್ರದ ಹಿಡಿತವನ್ನೇ ನಂಬಿಕೊಂಡರೆ ಬಂಡಿ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಗರಗಸದ ಹಾಗೆ ಹಲ್ಲಿರುವ ಜೋಡಿ ಪಟ್ಟಿ ಹಾಕಿದ್ದಾರೆ. ಎಂಜಿನ್ನಿನ ಅಡಿಯಲ್ಲಿರುವ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ಒಂದು ಪಟ್ಟಿಯ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವ ಹಾಗೆ ಜೋಡಿಸಿರುವುದರಿಂದ ಕಚ್ಚು ಎಂದೂ ಬಿಡುವುದಿಲ್ಲ. ಇದು ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಎಂಬ ಎಂಜಿನಿಯರ್ ಕಂಡುಹಿಡಿದ ಪದ್ಧತಿ. ಮೆಟ್ಟುಪಾಳಯಂನಿಂದ ಕೂನೂರಿಗೆ 1899ರಲ್ಲೇ ರೈಲು ಬಂತು. ಊಟಿ ಮುಟ್ಟಿದ್ದು 1908ರಲ್ಲಿ.

ಬಿಸಿಲಿನಲ್ಲಿ ಹೋದವರಿಗೆ ಈ ಹಲ್ಲು ಒಂದು ವಿಚಿತ್ರ ವಸ್ತು, ಫೋಟೋ ತೆಗೆದು ಸುಮ್ನೆ ಆಗುತ್ತಾರೆ. ಮಳೆಯಲ್ಲಿ ಅದರ ಬೆಲೆ ಕೂತಲ್ಲೇ ಗೊತ್ತಾಗುತ್ತದೆ. ಟಕ್ ಟಕ್ ಅಂತ ಒಂದೊಂದೇ ಹಲ್ಲು ಸಿಕ್ಕುವುದು ಸೀಟಿನಲ್ಲೇ ತಿಳಿಯುತ್ತದೆ. ಉಗಿಯೂ ಅಷ್ಟೇ. ಒಣ ಗಾಳಿಯಲ್ಲಿ ಕ್ಷಣದಲ್ಲಿ ಕರಗಿಹೋಗುತ್ತದೆ. ತಣ್ಣನೆಯ ಒದ್ದೆ ಗಾಳಿಯಲ್ಲಿ ಹಿಂಜಿದ ಹತ್ತಿಯ ಹಾಗೆ ಮರಗಳಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ತಿರುವಿನಲ್ಲಿ ಹಿಂದಕ್ಕೆ ನೋಡಿದರೆ ಯಾವುದು ಮೋಡ, ಯಾವುದು ಉಗಿ ಹೇಳುವುದೇ ಕಷ್ಟ.

ಹಿಂದಕ್ಕೆ ಯಾಕೆ ಅಂದಿರಾ? ಎಂಜಿನ್ ಇರುವುದು ಹಿಂದೆ. ಅದು ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಬೋಗಿ ಏನಾದರೂ ಜಾರಿದರೆ ಎಂಜಿನ್ನೇ ತಡೆಯಬೇಕು. ಆದರೆ ಡ್ರೈವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಹಾಗಾಗಿ ಒಂದೊಂದು ಬೋಗಿಯ ಮುಂದಿನ ಕಟ್ಟೆಯ ಮೇಲೂ ಬ್ರೇಕ್ ಹಾಕುವ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾರೆ. ಎಲ್ಲಕ್ಕಿಂತ ಮುಂದೆ ನಿಂತವರು ಹಳಿ ನೋಡುತ್ತಾರೆ, ಬಾವುಟ ತೋರಿಸುತ್ತಾರೆ. ಆ ಸನ್ನೆ ಒಬ್ಬರಿಂದ ಒಬ್ಬರಿಗೆ ಡ್ರೈವರಿನ ತನಕ ಹೋಗುತ್ತದೆ.

ನಾನು ಕೂತ ಬೋಗಿಯ ಬ್ರೇಕ್‌ಮನ್ ರೇನ್‌ಕೋಟ್ ಹಾಕಿದ್ದರು. ಮಳೆ ಜೋರಾದಾಗ ಹಸಿರು ಬಾವುಟ ನೆನೆದು ಕೋಲಿಗೇ ಅಂಟಿಕೊಂಡಿತು. ಅವರು ಅದನ್ನು ಎರಡೂ ಕೈಯಲ್ಲಿ ಹಿಂಡಿ, ಒಮ್ಮೆ ಒದರಿ, ಮತ್ತೆ ಹಿಡಿದರು. ಮುಂದಿನ ತಿರುವಿಗೆ ಮತ್ತೆ ಅಂಟಿತು, ಮತ್ತೆ ಹಿಂಡಿದರು. ಹಿಲ್‌ಗ್ರೋವ್ ಸ್ಟೇಷನ್ ಬರುವ ತನಕ ಹೀಗೇ. ಅಲ್ಲಿ ಎಂಜಿನ್ ನೀರು ಕುಡಿಯುತ್ತಿದ್ದಾಗ ಅವರೂ ಒಂದು ಟೀ ಕುಡಿದರು. ಬೋಗಿಯೊಳಗೆ ಕಿಟಕಿ ಮುಚ್ಚಿಕೊಂಡು ಮೊಬೈಲ್ ನೋಡುತ್ತಿದ್ದವರಿಗೆ ಇದು ಯಾವುದೂ ಕಾಣಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ನಮ್ಮನ್ನು ಮೇಲಕ್ಕೆ ಹತ್ತಿಸುತ್ತಿರುವುದು ಆ ಒದ್ದೆ ಕೈಗಳು.

"ಬಸ್ಸಿನಲ್ಲಿ ಅರ್ಧ ಹೊತ್ತು ಸಾಕು, ಇದ್ಯಾಕೆ ಇನ್ನೂ?" ಅನ್ನುವವರಿದ್ದಾರೆ. ನಿಜ, ಕೂನೂರಿಗೇ ಮೂರು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಆದರೆ ಇದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೇ ಸಾಮಾನಲ್ಲ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಕೆಲಸ ನಿಂತಿಲ್ಲ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ಈ ದಾರಿಗೆ ಅಂತಲೇ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿದ್ದಾರೆ. ನಮ್ಮ ಕಾಲದಲ್ಲಿ ಉಗಿ ಎಂಜಿನ್ ಕಟ್ಟಬಲ್ಲ ಕೈಗಳು ಇವೆ ಅಂದರೆ ಅದು ಸಣ್ಣ ಮಾತಾ? ಟಿಕೆಟ್ ಕೊಂಡು ಹತ್ತುವವರು ಇದ್ದರೆ ಆ ಕೈಗಳಿಗೆ ಕೆಲಸ.

ಕೂನೂರಿನಲ್ಲಿ ಎಂಜಿನ್ ಬಿಚ್ಚಿದರು. ಮಳೆಹನಿ ಅದರ ಬೆನ್ನಿನ ಮೇಲೆ ಬಿದ್ದು ಚುಂಯ್ ಅನ್ನುತ್ತಿತ್ತು. ಪಕ್ಕದಲ್ಲಿ ನೀಲಗಿರಿಯ ಬಡಗ ಸಮುದಾಯದ ಇಬ್ಬರು ಹೆಂಗಸರು ಮಾತಾಡಿಕೊಂಡು ಹೋದರು. ಅವರ ಮಾತು ನಮ್ಮ ಕನ್ನಡಕ್ಕೆ ತೀರ ಹತ್ತಿರ, ನನಗೆ ಅರ್ಧ ಅರ್ಥವಾಯಿತು.

ಒಂದು ವಿಷಯ ನೆನಪಿಡಿ. ಆ ಬದಿಗೆ ಜೋರು ಮಳೆ ಬರುವುದು ಹಿಂಗಾರಿನಲ್ಲಿ. ಅಕ್ಟೋಬರ್, ನವೆಂಬರಿನಲ್ಲಿ ಹಳಿಯ ಮೇಲೆ ಮಣ್ಣು, ಬಂಡೆ ಕುಸಿದು ರೈಲು ನಿಲ್ಲುವುದುಂಟು. ನಿಂತರೆ ಸಿಟ್ಟಾಗಬೇಡಿ, ಮಳೆಯಲ್ಲಿ ನಿಂತು ಆ ಬಂಡೆ ಸರಿಸುವವರೂ ಮನುಷ್ಯರೇ. ಜುಲೈ, ಆಗಸ್ಟ್ ಆದರೆ ಈ ಭಯ ಕಡಿಮೆ. ಟಿಕೆಟ್ ಮೊದಲೇ ಮಾಡಿಸಿ. ಕಿಟಕಿ ಮಾತ್ರ ಮುಚ್ಚಬೇಡಿ. ಒಂದು ಟವೆಲ್ ಇಟ್ಟುಕೊಳ್ಳಿ, ಸಾಕು.