ಹೊಸಿಲು ದಾಟುವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

ತರಗತಿಯ ಗಂಟೆ ಹೊಡೆದಿದೆ. ಮಕ್ಕಳು ಒಳಗೆ ಬಂದಿದ್ದಾರೆ. ಆದರೆ ಪಾಠ ಇನ್ನೂ ಶುರುವಾಗಿಲ್ಲ. ಒಬ್ಬ ಪೆನ್ಸಿಲ್ ಹುಡುಕುತ್ತಿದ್ದಾನೆ. ಇಬ್ಬರು ಹೊರಗೆ ಅರ್ಧಕ್ಕೆ ನಿಂತಿದ್ದ ಜಗಳವನ್ನು ಇಲ್ಲಿ ಮುಂದುವರಿಸಿದ್ದಾರೆ. ಒಬ್ಬಳು ಕಿಟಕಿಯಾಚೆ ನೋಡುತ್ತ ಕೂತಿದ್ದಾಳೆ. ಬೆಳಿಗ್ಗೆ ಮನೆಯಲ್ಲಿ ಕಿವಿಗೆ ಬಿದ್ದ ಯಾವುದೋ ಮಾತಿನ ಹತ್ತಿರವೇ ಅವಳ ಮನಸ್ಸು ಉಳಿದುಬಿಟ್ಟಿದೆ. ಎಲ್ಲರೂ ಬಂದಿದ್ದಾರೆ, ಯಾರೂ ಬಂದಿಲ್ಲ. ಈ ಎರಡು ಮೂರು ನಿಮಿಷಗಳ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂತಿದ್ದೇನೆ.

ನಾನು ಬಹಳ ವರ್ಷ ಪಾಠ ಮಾಡಿದವನು. ಮೊದಲ ವರ್ಷ ಈ ನಿಮಿಷಗಳನ್ನೆಲ್ಲ ಕೂಗಾಡಿಯೇ ಕಳೆದೆ. "ಸುಮ್ನಿರಿ, ಸುಮ್ನಿರಿ" ಅನ್ನುವುದೇ ದಿನಾ ನನ್ನ ಬಾಯಿಂದ ಬರುತ್ತಿದ್ದ ಮೊದಲ ಮಾತು. ಮಕ್ಕಳು ಸುಮ್ಮನಾಗುತ್ತಿದ್ದರು, ನಿಜ. ಆದರೆ ಹೆದರಿ ಸುಮ್ಮನಾಗುವುದೇ ಬೇರೆ, ಕಲಿಯಲು ಅಣಿಯಾಗುವುದೇ ಬೇರೆ. ಅದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಪಕ್ಕದ ಕೋಣೆಯಲ್ಲಿ ಒಬ್ಬ ಹಿರಿಯ ಶಿಕ್ಷಕಿ ಪಾಠ ಮಾಡುತ್ತಿದ್ದರು. ಅಲ್ಲಿಂದ ಕೂಗು ಕೇಳಿಸುತ್ತಲೇ ಇರಲಿಲ್ಲ. ಒಂದು ದಿನ ಬಾಗಿಲ ಹತ್ತಿರ ನಿಂತು ನೋಡಿದೆ. ಅವರು ಒಳಗೆ ಹೋದರು. ಡಸ್ಟರ್ ತಗೊಂಡು ಬೋರ್ಡನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನಿಧಾನವಾಗಿ ಒರೆಸಿದರು. ಬೋರ್ಡು ಆಗಲೇ ಚೊಕ್ಕಟವಾಗಿತ್ತು, ಆದರೂ ಒರೆಸಿದರು. ಡಸ್ಟರ್ ಕೆಳಗಿಟ್ಟು ತಿರುಗಿದಾಗ ಅಷ್ಟೂ ಮಕ್ಕಳ ಕಣ್ಣು ಅವರ ಮೇಲಿತ್ತು. ಆಮೇಲೆ ಅವರನ್ನು ಕೇಳಿದೆ, "ಮೇಡಂ, ಏನೂ ಬರೆಯದ ಬೋರ್ಡನ್ನು ಯಾಕೆ ಒರೆಸ್ತೀರಿ?" ಅವರು ಅಂದರು, "ಅಷ್ಟು ಹೊತ್ತು ಕೊಟ್ಟರೆ ಅವರೆಲ್ಲ ಬಂದು ಸೇರ್ಕೊಳ್ತಾರೆ ಸಾರ್."

ನೇರವಾಗಿ ನೋಡಿದರೆ ಆ ಕೆಲಸದಿಂದ ಏನೂ ಆಗುವುದಿಲ್ಲ. ಆದರೆ ದಿನಾ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ, ಮನಸ್ಸಿಟ್ಟು ಮಾಡಿದಾಗ ಅದಕ್ಕೊಂದು ಶಕ್ತಿ ಬರುತ್ತದೆ. ಇಂಥದ್ದನ್ನು ನಾನು ಆಚರಣೆ ಅನ್ನುತ್ತೇನೆ. ಇದು ಅಭ್ಯಾಸ ಅಲ್ಲ. ಹಲ್ಲುಜ್ಜುವಾಗ ನಮ್ಮ ಯೋಚನೆ ಎಲ್ಲೋ ಇರುತ್ತದೆ, ಕೈ ತನ್ನ ಪಾಡಿಗೆ ಕೆಲಸ ಮುಗಿಸುತ್ತದೆ. ಆಚರಣೆ ಇದಕ್ಕೆ ತಿರುಗುಮುರುಗು. ಎಲ್ಲೋ ಇದ್ದ ಯೋಚನೆಯನ್ನು ಅದು ಇಲ್ಲಿಗೆ ಕರೆತರುತ್ತದೆ.

ಆರ್ನಾಲ್ಡ್ ವಾನ್ ಗೆನಪ್ ಎಂಬ ವಿದ್ವಾಂಸರು 1909ರಲ್ಲಿ ಒಂದು ವಿಚಾರ ಮುಂದಿಟ್ಟರು. ಹುಟ್ಟು, ಮದುವೆ, ಸಾವು, ಮಕ್ಕಳು ದೊಡ್ಡವರಾಗುವುದು, ಹೀಗೆ ಬದುಕಿನ ತಿರುವುಗಳಲ್ಲಿ ಬೇರೆ ಬೇರೆ ಜನ ಮಾಡುವ ಆಚರಣೆಗಳನ್ನು ಅವರು ಹೋಲಿಸಿ ನೋಡಿದ್ದರು. ಅವುಗಳಲ್ಲಿ ಮೂರು ಹಂತ ಕಂಡವು. ಮೊದಲು ಹಳೆಯ ನೆಲೆಯಿಂದ ಬಿಡಿಸಿಕೊಳ್ಳುವುದು. ನಡುವೆ, ಅಲ್ಲೂ ಇಲ್ಲದ ಇಲ್ಲೂ ಇಲ್ಲದ ಒಂದು ಹೊತ್ತು. ಕೊನೆಗೆ ಹೊಸ ನೆಲೆಗೆ ಸೇರಿಕೊಳ್ಳುವುದು. ಆ ನಡುವಿನ ಹೊತ್ತಿಗೆ ಅವರು ಹೊಸಿಲಿನ ಹೆಸರು ಕೊಟ್ಟರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಆ ಖಾಲಿ ಬೋರ್ಡು. ಆಟದ ಅಂಗಳದ ಮಗು ಪಾಠದ ಮಗುವಾಗಬೇಕಾದರೆ ನಡುವೆ ಒಂದು ಹೊಸಿಲು ಬೇಕು. ಅದನ್ನು ಕಟ್ಟಿಕೊಡದೆ, "ಪುಟ ಮೂವತ್ತೆರಡು ತೆಗೀರಿ" ಅಂದರೆ ಪುಸ್ತಕವೇನೋ ತೆರೆದುಕೊಳ್ಳುತ್ತದೆ. ಅಷ್ಟೇ.

ಆಚರಣೆಗೆ ಮಕ್ಕಳು ಇಷ್ಟು ಬೇಗ ಒಲಿಯುವುದು ಯಾಕೆ? ಇದರ ಮೇಲೆ ಬೆಳಕು ಚೆಲ್ಲುವ ಒಂದು ಪ್ರಯೋಗ ಇದೆ. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಪೆಟ್ಟಿಗೆ. ಒಳಗೊಂದು ಬಹುಮಾನ. ದೊಡ್ಡವರೊಬ್ಬರು ಕೋಲಿನಿಂದ ಪೆಟ್ಟಿಗೆಯ ಮೇಲ್ಭಾಗವನ್ನು ತಟ್ಟುತ್ತಾರೆ, ಮೇಲಿನ ತೂತಿಗೆ ಕೋಲು ಹಾಕುತ್ತಾರೆ. ಆಮೇಲೆ ಮುಂದಿನ ಪುಟ್ಟ ಬಾಗಿಲು ತೆಗೆದು ಬಹುಮಾನ ಪಡೆಯುತ್ತಾರೆ. ಚಿಂಪಾಂಜಿಗಳೂ ಮೂರು ನಾಲ್ಕು ವರ್ಷದ ಮಕ್ಕಳೂ ಇದನ್ನು ನೋಡಿದರು. ಪೆಟ್ಟಿಗೆಯ ಒಳಗಿನದು ಕಾಣದಿದ್ದಾಗ ಚಿಂಪಾಂಜಿಗಳೂ ಎಲ್ಲವನ್ನೂ ಹಾಗೇ ಮಾಡಿದವು. ಪಾರದರ್ಶಕ ಪೆಟ್ಟಿಗೆ ಕೊಟ್ಟಾಗ ಮೇಲೆ ತಟ್ಟುವುದರಿಂದ, ತೂತಿಗೆ ಕೋಲು ಹಾಕುವುದರಿಂದ ಏನೂ ಆಗುವುದಿಲ್ಲ ಅಂತ ಕಣ್ಣಿಗೇ ಕಾಣುತ್ತಿತ್ತು. ಚಿಂಪಾಂಜಿಗಳು ಅದನ್ನು ಬಿಟ್ಟು ನೇರವಾಗಿ ಬಾಗಿಲಿಗೆ ಕೈ ಹಾಕಿದವು. ಮಕ್ಕಳು ಮಾತ್ರ ಆಗಲೂ ತಟ್ಟಿದರು, ಕೋಲು ಹಾಕಿದರು, ಆಮೇಲೆ ಬಾಗಿಲು ತೆಗೆದರು.

ಕೇಳಿದ ಕೂಡಲೇ ಚಿಂಪಾಂಜಿಯೇ ಜಾಣ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮಗು ಕಲಿಯಬೇಕಾದ ಎಷ್ಟೋ ಸಂಗತಿಗಳ ಕಾರಣ ಅದಕ್ಕೆ ಕಾಣುವಂಥದ್ದಲ್ಲ. ಅಕ್ಷರವನ್ನು ಈ ಕಡೆಯಿಂದಲೇ ಯಾಕೆ ಶುರು ಮಾಡಬೇಕು? ಪಿಟೀಲಿನ ಬಿಲ್ಲನ್ನು ಹೀಗೇ ಯಾಕೆ ಹಿಡಿಯಬೇಕು? ಮಗ್ಗಿಯನ್ನು ಅದೇ ರಾಗದಲ್ಲಿ ಯಾಕೆ ಹೇಳಬೇಕು? ಯಾವ ಹೆಜ್ಜೆ ಮುಖ್ಯ, ಯಾವುದು ಸುಮ್ನೆ ಸೇರಿಕೊಂಡದ್ದು ಅಂತ ಕಲಿಯುವವನಿಗೆ ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಮಗು ಎಲ್ಲವನ್ನೂ ತೆಗೆದುಕೊಳ್ಳುತ್ತದೆ. "ಇವರು ಬೇಕು ಅಂತಲೇ ಹೀಗೆ ಮಾಡುತ್ತಿದ್ದಾರೆ, ಇದರಲ್ಲಿ ಏನೋ ಇರಬೇಕು" ಎಂಬ ನಂಬಿಕೆ ಅದು. ಅಷ್ಟು ದೊಡ್ಡ ನಂಬಿಕೆಯನ್ನು ನಮ್ಮ ಮೇಲೆ ಇನ್ನು ಯಾರೂ ಇಡುವುದಿಲ್ಲ, ಅಲ್ವಾ?

ಇದಕ್ಕೇ ನನಗೆ ಭಯವೂ ಆಗುತ್ತದೆ. ನಾವು ಬೇಕು ಅಂತ ಕಲಿಸಿದ್ದನ್ನು ಮಾತ್ರ ಮಗು ತೆಗೆದುಕೊಳ್ಳುವುದಿಲ್ಲ.

ನಾನು ಓದಿದ ಶಾಲೆಯಲ್ಲಿ ಉತ್ತರ ಪತ್ರಿಕೆ ಹಂಚುವ ದಿನ ಅಂತ ಒಂದಿತ್ತು. ಅದೂ ಆಚರಣೆಯೇ. ಅತಿ ಹೆಚ್ಚು ಅಂಕದಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತಿತ್ತು. ಹೆಸರು ಕೂಗುವುದು, ಅಂಕ ಕೂಗುವುದು, ಎದ್ದು ಹೋಗಿ ತರುವುದು. ಮೊದಲಿಗೆ ಚಪ್ಪಾಳೆ. ನಡುವೆ ಮೌನ. ಕೊನೆಗೆ ನಗು. ಕಟ್ಟು ತೆಳ್ಳಗಾಗುತ್ತ ಬಂದ ಹಾಗೆ ಉಳಿದವರ ಹೊಟ್ಟೆಯಲ್ಲಿ ಸಂಕಟ. ಒಂದು ಸಲ ಗಣಿತದ ಪತ್ರಿಕೆಯಲ್ಲಿ ಕೊನೆಯ ಹೆಸರು ನನ್ನದಾಗಿತ್ತು. ಬೆಂಚಿನಿಂದ ಮೇಜಿನವರೆಗಿನ ಆ ಹತ್ತು ಹೆಜ್ಜೆ ಇವತ್ತಿಗೂ ನೆನಪಿದೆ. ಆ ಪತ್ರಿಕೆಯ ಒಂದೇ ಒಂದು ಲೆಕ್ಕವೂ ನೆನಪಿಲ್ಲ. ಒಳ್ಳೆಯ ಆಚರಣೆಯಲ್ಲಿ ಇರುವುದೆಲ್ಲ ಅದರಲ್ಲೂ ಇತ್ತು: ನಿಗದಿತ ದಿನ, ನಿಗದಿತ ಕ್ರಮ, ಎಲ್ಲರ ಕಣ್ಣೂ ಒಂದೇ ಕಡೆ. ಅದು ಕಲಿಸಿದ್ದು ನಾಚಿಕೆಯನ್ನು. ಚೆನ್ನಾಗಿಯೇ ಕಲಿಸಿತು.

ಹಾಗಾಗಿ ಆಚರಣೆ ಇದ್ದರೆ ಸಾಕು ಅಂತ ನಾನು ಹೇಳುವುದಿಲ್ಲ. ಅದು ಯಾರನ್ನು ಏನು ಮಾಡುತ್ತಿದೆ ಅಂತ ನೋಡಬೇಕು.

ಹೆಸರು ಕರೆಯುವುದನ್ನೇ ತೆಗೆದುಕೊಳ್ಳಿ. ಅಲ್ಲಿ ಅದು ಹಾಗಾಯಿತು. ಇನ್ನೊಂದು ಕಡೆ ಅದೇ ಕೆಲಸ ಹೇಗಾಯಿತು ನೋಡಿ. ಮಾರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. ಒಂದು ದಿನ ಅವರು ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ತರಗತಿಗೆ ಬಂದರು. ಕೂಸು ಎಷ್ಟು ಸದ್ದಿಲ್ಲದೆ ಇದೆ, ಅದರ ಉಸಿರು ಎಷ್ಟು ಮೆತ್ತಗಿದೆ ಅಂತ ಮಕ್ಕಳಿಗೆ ತೋರಿಸಿದರು. ಮಕ್ಕಳು ಹಾಗೇ ಇರಲು ಹೊರಟರು. ಕೋಣೆ ನಿಶ್ಶಬ್ದವಾಯಿತು. ಇದರಿಂದಲೇ ಅವರ ಮೌನದ ಪಾಠ ಬೆಳೆಯಿತು. ಅದರಲ್ಲಿ ಶಿಕ್ಷಕಿ ಪಕ್ಕದ ಕೋಣೆಗೆ ಹೋಗಿ, ಪಿಸುದನಿಯಲ್ಲಿ ಒಂದೊಂದೇ ಮಗುವಿನ ಹೆಸರು ಕರೆಯುತ್ತಾರೆ. ತನ್ನ ಹೆಸರು ಕೇಳಿದ ಮಗು ಎದ್ದು, ಕುರ್ಚಿ ಸದ್ದಾಗದಂತೆ ಸರಿಸಿ, ತುದಿಗಾಲಲ್ಲಿ ನಡೆದು ಬರುತ್ತದೆ. ಉಳಿದವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ಕೊನೆಯ ಮಗುವಿನ ಹೆಸರೂ ಅಷ್ಟೇ ಮೆಲ್ಲಗೆ ಬರುತ್ತದೆ.

ಎರಡೂ ಕಡೆ ಕಾಯುವುದಿದೆ. ಎರಡೂ ಕಡೆ ಎದ್ದು ನಡೆದುಹೋಗುವುದಿದೆ. ಆದರೆ ಒಂದರಲ್ಲಿ ಹೆಸರು ಬಂದರೆ ಅವಮಾನ, ಇನ್ನೊಂದರಲ್ಲಿ ಹೆಸರು ಬಂದರೆ ಹಬ್ಬ. ಕೊನೆಯವರೆಗೆ ಕಾದ ಮಗುವಿಗೆ ಎಲ್ಲರಿಗಿಂತ ಜಾಸ್ತಿ ಹೊತ್ತು ಸುಮ್ಮನಿದ್ದ ಹೆಮ್ಮೆ.

ನನ್ನ ತರಗತಿಯಲ್ಲಿ ನಾನು ಬಾಗಿಲಿಗೆ ಬಂದ ಕೂಡಲೇ ಮಕ್ಕಳೆಲ್ಲ ಎದ್ದು ನಿಲ್ಲುತ್ತಿದ್ದರು. ಒಬ್ಬ ಹುಡುಗ ಒಂದು ದಿನ ಕೇಳಿದ, "ಯಾಕೆ ಸಾರ್ ನಿಲ್ಲಬೇಕು?" ತುಂಟತನದಿಂದ ಕೇಳಿದ್ದಲ್ಲ. ಯೋಚಿಸಿದೆ. ಗೌರವಕ್ಕೆ ಅಂತ ಹೇಳಬಹುದಿತ್ತು. ಆದರೆ ನಾನು ಅವರಿಗೆ ತಿರುಗಿ ಏನು ಕೊಡುತ್ತಿದ್ದೆ? ಕೂತುಕೊಳ್ಳಿ ಅಂತ ಕೈಸನ್ನೆ, ಅದೂ ಹಾಜರಿ ಪುಸ್ತಕದಿಂದ ತಲೆ ಎತ್ತದೆ. ಅವರಿಗೆ ಮಾತ್ರ ಇದ್ದ, ನನಗೆ ಇಲ್ಲದ ಆಚರಣೆ ಅದು. ಮರುದಿನದಿಂದ ನಾನೇ ಮೊದಲು ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಬರುವ ಒಬ್ಬೊಬ್ಬರಿಗೂ ಹೆಸರು ಹಿಡಿದು ನಮಸ್ಕಾರ ಹೇಳಿದೆ. ಮೊದಲ ವಾರ ಅವರಿಗೆ ನಾಚಿಕೆ, ನನಗೂ ಮುಜುಗರ. ಮೂರನೆಯ ವಾರಕ್ಕೆ ಯಾರ ಮುಖ ಬಾಡಿದೆ ಅಂತ ಪಾಠಕ್ಕೆ ಮುಂಚೆಯೇ ನನಗೆ ತಿಳಿಯುತ್ತಿತ್ತು.

ಎಷ್ಟೋ ವರ್ಷದ ಮೇಲೆ, 2018ರಲ್ಲಿ, ಕ್ಲೇಟನ್ ಕುಕ್ ಮತ್ತು ಜೊತೆಗಾರರು ಅಮೆರಿಕದ ಹತ್ತು ತರಗತಿಗಳಲ್ಲಿ ಇಂಥದ್ದನ್ನೇ ಅಳೆದು ನೋಡಿದ್ದು ಓದಿದೆ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮಾತಾಡಿಸಿದ ತರಗತಿಗಳಲ್ಲಿ, ನೂರು ನಿಮಿಷದ ಲೆಕ್ಕ ಹಿಡಿದರೆ, ಮಕ್ಕಳು ಪಾಠದಲ್ಲಿ ತೊಡಗಿದ ಹೊತ್ತು 20 ನಿಮಿಷದಷ್ಟು ಹೆಚ್ಚಿತ್ತು. ಗಲಾಟೆಯ ಹೊತ್ತು 9 ನಿಮಿಷದಷ್ಟು ಇಳಿದಿತ್ತು. ಓದಿ ತುಂಬಾ ಖುಷಿಯಾಯಿತು. ಆ ಹುಡುಗನಿಗೆ ತೋರಿಸಬೇಕಿತ್ತು ಅನ್ನಿಸಿತು.

ಕನ್ನಡದಲ್ಲಿ ಒಂದು ಮಾತಿದೆ, ಕಾಟಾಚಾರ. ಆಚಾರದ ಮೈ ಹಾಗೇ ಇದ್ದು ಉಸಿರು ಹೋದರೆ ಅದು ಕಾಟಾಚಾರ. ಬಾಯಿ ಹೆಸರು ಕೂಗುತ್ತದೆ, ಕಣ್ಣು ಎಲ್ಲೋ ಇರುತ್ತದೆ. ಮಕ್ಕಳಿಗೆ ಇದು ಎಷ್ಟು ಬೇಗ ಗೊತ್ತಾಗುತ್ತದೆ ಅಂದರೆ, ಎರಡೇ ದಿನ ಸಾಕು. ಮೂರನೆಯ ದಿನ ಅವರೂ ಹಾಗೇ ಉತ್ತರ ಕೊಡುತ್ತಾರೆ.

ಮನಸ್ಸಿಡುವುದು ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಂದು ಪ್ರಯೋಗ ಹೇಳಬೇಕು. ಆಲಿಸನ್ ವುಡ್ ಬ್ರೂಕ್ಸ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ್ದು. ಇತರರೆದುರು ಹಾಡುವುದು, ಕಷ್ಟದ ಲೆಕ್ಕ ಬಿಡಿಸುವುದು, ಇಂಥ ಎದೆ ಹೊಡೆದುಕೊಳ್ಳುವ ಕೆಲಸಕ್ಕೆ ಮುಂಚೆ ಜನರಿಂದ ಒಂದು ಪುಟ್ಟ ಆಚರಣೆ ಮಾಡಿಸಿದರು. ಅಂಥ ಒಂದು ಆಚರಣೆಯಲ್ಲಿ ಈಗ ಹೇಗನ್ನಿಸುತ್ತಿದೆ ಅಂತ ಚಿತ್ರ ಬರೆಯಬೇಕು, ಅದರ ಮೇಲೆ ಉಪ್ಪು ಉದುರಿಸಬೇಕು, ಐದರವರೆಗೆ ಜೋರಾಗಿ ಎಣಿಸಬೇಕು, ಕಾಗದ ಮುದುರಿ ಎಸೆಯಬೇಕು. ಮಾಡಿದವರ ಆತಂಕ ಇಳಿಯಿತು, ಕೆಲಸ ಸುಧಾರಿಸಿತು. ಇನ್ನೂ ಒಂದು ಸಂಗತಿ ಕಂಡಿತು. ಅದೇ ಕೆಲಸಗಳನ್ನು ಕೆಲವರಿಗೆ "ಇದೊಂದು ಆಚರಣೆ" ಅಂತ ಹೇಳಿ, ಇನ್ನು ಕೆಲವರಿಗೆ "ಸುಮ್ನೆ ಏನೋ ಒಂದಿಷ್ಟು ಮಾಡಿ" ಅನ್ನುವ ಹಾಗೆ ಹೇಳಿ ಮಾಡಿಸಿದರು. ಆಚರಣೆ ಅಂತ ತಿಳಿದು ಮಾಡಿದವರೇ ಹೆಚ್ಚು ಚೆನ್ನಾಗಿ ಮಾಡಿದರು.

ಪರೀಕ್ಷೆಗೆ ಮುಂಚೆ ನನ್ನ ಮಕ್ಕಳು ಪೆನ್ನು ಕೆಳಗಿಟ್ಟು, ಎರಡೂ ಅಂಗೈ ಮೇಜಿನ ಮೇಲೆ ಊರಿ, ಮೂರು ಸಲ ಉಸಿರೆಳೆದು ಬಿಡುತ್ತಿದ್ದರು. ಎದುರಿನ ಮೇಜಿನ ಮೇಲೆ ನನ್ನ ಅಂಗೈಗಳೂ ಇರುತ್ತಿದ್ದವು. ಅಷ್ಟೇ ನಾನು ಮಾಡಿದ್ದು.

ಕಲಿಸುವವನ ಕೈ ಅಂದಾಗ ಕೆನಡಾ ದೇಶದ ಎಂಜಿನಿಯರುಗಳ ಉಂಗುರ ನೆನಪಾಗುತ್ತದೆ. 1925ರಿಂದ ಅಲ್ಲಿ ಓದು ಮುಗಿಸಿದವರು ಒಂದು ಪ್ರತಿಜ್ಞೆ ಮಾಡಿ, ಬರೆಯುವ ಕೈಯ ಕಿರುಬೆರಳಿಗೆ ಸಾದಾ ಲೋಹದ ಉಂಗುರ ತೊಡುತ್ತಾರೆ. ನಕ್ಷೆ ಬರೆಯುವಾಗ ಅದು ಕಾಗದಕ್ಕೆ ತಾಗಿ, ಹೊತ್ತ ಹೊಣೆಯನ್ನು ನೆನಪಿಸಲಿ ಅಂತ. 1907ರಲ್ಲಿ ಕ್ವಿಬೆಕ್ ಸೇತುವೆ ಕಟ್ಟುವಾಗಲೇ ಕುಸಿದು 75 ಕಾರ್ಮಿಕರು ಸತ್ತರು. ಮೊದಲ ಉಂಗುರಗಳನ್ನು ಆ ಕಬ್ಬಿಣದಿಂದಲೇ ಮಾಡಿದರು ಅಂತ ಜನ ಹೇಳುತ್ತಾರೆ. ಅದು ನಿಜವಲ್ಲ. ಆದರೆ ಜನ ಆ ಎರಡನ್ನು ಯಾಕೆ ಜೋಡಿಸಿದರು ಅಂತ ಅರ್ಥವಾಗುತ್ತದೆ. ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆ. ಉಂಗುರ ತೊಡುವ ಹೊಸಬರ ಸುತ್ತ ನಿಂತ ಹಿರಿಯರ ಕಿರುಬೆರಳಲ್ಲೂ ಅದೇ ಉಂಗುರ ಇರುತ್ತದೆ. ತಾವು ಒಪ್ಪಿಕೊಳ್ಳದ್ದನ್ನು ಅವರು ಇನ್ನೊಬ್ಬರಿಗೆ ಕೊಡುತ್ತಿಲ್ಲ.

ಕೊನೆಯದಾಗಿ ನನ್ನ ತರಗತಿಯ ಇನ್ನೊಂದು ಸಂಗತಿ. ಹಾಜರಿ ಆದಮೇಲೆ ನಾವು ಒಂದು ನಿಮಿಷ ಸುಮ್ಮನೆ ಕೂರುತ್ತಿದ್ದೆವು. ದಿನಕ್ಕೊಬ್ಬರು ಮುಂದೆ ನಿಂತು ಅದನ್ನು ನಡೆಸಬೇಕು. ಆ ಒಂದು ನಿಮಿಷ ಬಾಗಿಲಲ್ಲಿ ಓಡಾಟ ಇರಬಾರದು, ತಡವಾಗಿ ಬಂದವರು ಹೊಸಿಲಾಚೆ ನಿಂತಿದ್ದು ಆಮೇಲೆ ಬರಬೇಕು ಅಂತ ಮಕ್ಕಳೇ ನಿಯಮ ಮಾಡಿಕೊಂಡಿದ್ದರು. ಬೈಗುಳ ಇಲ್ಲ, ಶಿಕ್ಷೆ ಇಲ್ಲ. ನಿಂತರಾಯಿತು.

ಒಂದು ದಿನ ನನಗೇ ತಡವಾಯಿತು. ಗಂಟೆ ಹೊಡೆದು ಐದು ನಿಮಿಷ ಆಗಿತ್ತು. ಗಲಾಟೆ ಎದ್ದಿರುತ್ತದೆ ಅಂದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದೆ. ಬಾಗಿಲಿಗೆ ಬಂದರೆ ಒಳಗೆ ಸದ್ದೇ ಇಲ್ಲ. ಮುಂದೆ ಒಬ್ಬ ಪುಟ್ಟ ಹುಡುಗಿ ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದಳು. ನಾನು ಕಾಲು ಒಳಗಿಡುವಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, ಮಾತಿಲ್ಲದೆ, ಅಂಗೈ ಮೇಲೆತ್ತಿ ತೋರಿಸಿದಳು.

ಕಾಲು ಹಿಂದಕ್ಕೆ ತೆಗೆದುಕೊಂಡೆ. ಹೊಸಿಲಾಚೆ ನಿಂತೆ. ನಿಮಿಷ ಮುಗಿದ ಮೇಲೆ ಅವಳು ಹತ್ತಿರ ಬಂದು, ನಾನು ದಿನಾ ಅವಳಿಗೆ ಹೇಳುವ ಹಾಗೆಯೇ, ನನ್ನ ಹೆಸರು ಹಿಡಿದು ನಮಸ್ಕಾರ ಅಂದಳು.

ನಮಸ್ಕಾರ ಅಂದು ಒಳಗೆ ಹೋದೆ.